ಹೃದಯ ದುರ್ಬಲವೆಂದು ಮುರಿದ ಸೊಂಟವನ್ನು ಹಾಗೇ ಬಿಡಬಹುದೇ?

ಓದುಗರ ಪ್ರಶ್ನೆಗಳಿಗೆ ಅರಿವಳಿಕೆ ವೈದ್ಯರ ಉತ್ತರ

ಪ್ರಶ್ನೆ: ನಮ್ಮ ಅತ್ತೆಗೆ 83 ವರ್ಷ. ಮಳೆಗೆ ಅಂಗಳ ಪಾಚಿಗಟ್ಟಿತ್ತು. ಕೊಟ್ಟಿಗೆಗೆ ಹೋಗಲು ಹಾಸಿದ್ದ ಅಡಿಕೆ ದಬ್ಬೆಯ ಮೇಲೆ ಕಾಲಿಟ್ಟವರು ಜಾರಿ ಬಿದ್ದರು. ಎಕ್ಸ್‌ರೇಯಲ್ಲಿ ಬಲಗಾಲಿನ ತೊಡೆಮೂಳೆ ಸೊಂಟದ ಹತ್ತಿರ ಮುರಿದಿರುವುದು ಕಂಡಿತು. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಮೆಟೊಪ್ರೊಲಾಲ್, ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಾರೆ. ಈಗ ಎಕೋ ಮಾಡಿಸಿದರೆ ಹೃದಯದ ಪಂಪಿಂಗ್ 35 ಪರ್ಸೆಂಟ್, ಜೊತೆಗೆ ಒಂದು ವಾಲ್ವ್ ಕಿರಿದಾಗಿದೆ ಎಂದರು. ಮೊದಲು ಹೋದ ಆಸ್ಪತ್ರೆಯಲ್ಲಿ ‘ಹಾರ್ಟ್ ಫಿಟ್ನೆಸ್ ಇಲ್ಲ, ಮನೆಗೆ ಕರೆದುಕೊಂಡು ಹೋಗಿ, ಕಾಲಿಗೆ ತೂಕ ಕಟ್ಟಿ ಮೂರು ತಿಂಗಳು ಮಲಗಿಸಿ’ ಎಂದರು. ಇನ್ನೊಂದು ಕಡೆ ‘ಕ್ಲೊಪಿಡೊಗ್ರೆಲ್ ನಿಲ್ಲಿಸಿ, ಒಂದು ವಾರ ಬಿಟ್ಟು ಬನ್ನಿ’ ಎಂದರು. ನಮ್ಮ ಭಾವನವರು ಈ ವಯಸ್ಸಿಗೆ ಆಪರೇಷನ್ನೇ ಬೇಡ ಅನ್ನುತ್ತಾರೆ. ಅತ್ತೆ ಮಗ್ಗುಲು ತಿರುಗಿಸುವಾಗಲೆಲ್ಲ ಕೂಗಿಕೊಳ್ಳುತ್ತಾರೆ. ಏನು ಮಾಡೋಣ?
— ಹೆಸರು ಬೇಡ, ಶಿರಸಿ ತಾಲೂಕು

ಉತ್ತರ: ನಿಮ್ಮ ಪತ್ರ ಕೈಸೇರಿದ ದಿನವೇ ಫೋನ್ ಮಾಡಿ ಮಾತಾಡಿದ್ದೇನೆ. ಮುರಿದ ಸೊಂಟ ಮುಂದಿನ ಸಂಚಿಕೆಯವರೆಗೆ ಕಾಯುವಂಥದ್ದಲ್ಲ. ಇಲ್ಲಿ ಬರೆಯುತ್ತಿರುವುದು ಇದೇ ಇಕ್ಕಟ್ಟಿನಲ್ಲಿ ಸಿಕ್ಕಿಬೀಳುವ ಉಳಿದ ಮನೆಗಳಿಗಾಗಿ. ಮಳೆ ಹಿಡಿಯಿತೆಂದರೆ ಘಟ್ಟದ ಮೇಲೆ ಅಂಗಳದಲ್ಲಿ, ಕೆಳಗೆ ಕುಮಟಾ-ಹೊನ್ನಾವರದ ಕಡೆ ಬಚ್ಚಲಲ್ಲಿ, ಬಾವಿಕಟ್ಟೆಯಲ್ಲಿ ಬಿದ್ದ ಅಜ್ಜ-ಅಜ್ಜಿಯರು ನನ್ನ ಟೇಬಲ್ಲಿಗೆ ಬರುತ್ತಲೇ ಇರುತ್ತಾರೆ. ಅವರಲ್ಲಿ ಹೃದಯ ಪೂರ್ತಿ ಗಟ್ಟಿ ಇದ್ದವರು ಕಡಿಮೆ.

ಮೊದಲು ಆ ‘ಮೂರು ತಿಂಗಳು ಮಲಗಿಸಿ’ ಎಂಬ ಮಾತಿನ ಬಗ್ಗೆ. ಹೃದಯ ಉಳಿಸಲೆಂದೇ ಹಾಗೆ ಹೇಳುತ್ತಾರೆ. ಆದರೆ ಮುರಿದ ಸೊಂಟದ ಜೊತೆ ಹಾಸಿಗೆ ಹಿಡಿಯುವುದು ದುರ್ಬಲ ಹೃದಯಕ್ಕೆ ಆಪರೇಷನ್ನಿಗಿಂತ ದೊಡ್ಡ ಪೆಟ್ಟು. ನೋವಿಗೆ ನಾಡಿ ಓಡುತ್ತದೆ, ಬಿಪಿ ಏರುತ್ತದೆ, ಹೃದಯದ ಸ್ನಾಯು ಹೆಚ್ಚು ಆಮ್ಲಜನಕ ಬೇಡುತ್ತದೆ. ಅಂಗಾತ ಮಲಗಿದ್ದಲ್ಲೇ ಇದ್ದರೆ ಕಫ ಕಟ್ಟಿ ನ್ಯುಮೋನಿಯಾ ಬರುತ್ತದೆ. ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿ ಶ್ವಾಸಕೋಶಕ್ಕೆ ಹೋಗಬಹುದು. ಬೆನ್ನಿನ ಕೆಳಗೆ ಹುಣ್ಣಾಗುತ್ತದೆ, ಊಟ ಬಿಡುತ್ತಾರೆ. ಆಪರೇಷನ್ನಿನ ಶ್ರಮ ಒಂದೂವರೆ-ಎರಡು ಗಂಟೆಯದು, ಅಷ್ಟೂ ಹೊತ್ತು ಪ್ರತಿ ಬಡಿತವನ್ನೂ ನೋಡುತ್ತ ಪಕ್ಕದಲ್ಲಿ ಒಬ್ಬ ವೈದ್ಯರು ಇರುತ್ತಾರೆ. ಹಾಸಿಗೆಯ ಶ್ರಮ ತಿಂಗಳುಗಟ್ಟಲೆಯದು, ರಾತ್ರಿ ಎರಡು ಗಂಟೆಗೆ ಉಸಿರು ಮೇಲಕ್ಕೆಳೆದರೆ ಪಕ್ಕದಲ್ಲಿರುವುದು ನಿದ್ದೆಗೆಟ್ಟ ಸೊಸೆ ಮಾತ್ರ.

ಫಿಟ್ನೆಸ್ ಇದೆಯೋ ಇಲ್ಲವೋ ಎಂದು ಕೇಳುವುದು ಕಣ್ಣಿನ ಪೊರೆಗೆ, ಹರ್ನಿಯಾಕ್ಕೆ ಸರಿ. ಆರು ತಿಂಗಳು ಮುಂದೂಡಿದರೂ ಅಲ್ಲಿ ನಡೆಯುತ್ತದೆ. ಸೊಂಟ ಮುರಿದವರ ಹೃದಯ ವಾರ ಕಾದರೆ ಸುಧಾರಿಸುವುದಿಲ್ಲ, ಇನ್ನಷ್ಟು ಸೋಲುತ್ತದೆ. ಹಾಗಾಗಿ ನಾನು ಕೇಳಿಕೊಳ್ಳುವ ಪ್ರಶ್ನೆಯೇ ಬೇರೆ: ಒಂದು ದಿನದೊಳಗೆ ಸರಿಪಡಿಸಬಹುದಾದದ್ದು ಇವರಲ್ಲಿ ಏನಿದೆ, ಸರಿಪಡಿಸಲಾಗದ್ದನ್ನು ಹೇಗೆ ಸಂಭಾಳಿಸಲಿ?

ಇದಕ್ಕೆ ಬ್ರಿಟನ್ನಿನ ಅರಿವಳಿಕೆ ತಜ್ಞರ ಸಂಘ 2011ರಲ್ಲೇ ಒಂದು ಪಟ್ಟಿ ಕೊಟ್ಟಿದೆ. ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿದ್ದರೆ, ಸೋಡಿಯಂ 120ಕ್ಕಿಂತ ಕಡಿಮೆ ಅಥವಾ 150ಕ್ಕಿಂತ ಹೆಚ್ಚಿದ್ದರೆ, ಪೊಟ್ಯಾಸಿಯಂ 2.8ಕ್ಕಿಂತ ಕೆಳಗೆ ಇಲ್ಲವೇ 6ಕ್ಕಿಂತ ಮೇಲಿದ್ದರೆ, ಸಕ್ಕರೆ ಹತೋಟಿ ತಪ್ಪಿದ್ದರೆ, ಹೃದಯ ಸೋತು ಶ್ವಾಸಕೋಶಕ್ಕೆ ಹೊಸದಾಗಿ ನೀರು ತುಂಬಿದ್ದರೆ, ಸರಿಪಡಿಸಬಹುದಾದ ಲಯದೋಷವಿದ್ದು ಹೃದಯ ನಿಮಿಷಕ್ಕೆ 120ಕ್ಕಿಂತ ಹೆಚ್ಚು ಬಡಿಯುತ್ತಿದ್ದರೆ, ಎದೆಯ ಸೋಂಕು ಮೈಗೆಲ್ಲ ಹರಡಿದ್ದರೆ, ರಕ್ತ ಹೆಪ್ಪುಗಟ್ಟದ ತೊಂದರೆಯಿದ್ದು ಅದನ್ನು ಔಷಧದಿಂದ ಸರಿಪಡಿಸಬಹುದಾಗಿದ್ದರೆ ಮಾತ್ರ ತಡಮಾಡಬಹುದು. ಆ ಹೊತ್ತಿನಲ್ಲಿ ಚಿಕಿತ್ಸೆಯೂ ನಡೆದಿರಬೇಕು. ಪಂಪಿಂಗ್ 35 ಪರ್ಸೆಂಟ್ ಎಂಬುದು ಈ ಪಟ್ಟಿಯಲ್ಲಿಲ್ಲ. ‘ಎಕೋ ಡಾಕ್ಟರು ಶನಿವಾರ ಬರುತ್ತಾರೆ, ಅಲ್ಲಿಯವರೆಗೆ ಕಾಯಿರಿ’ ಎಂಬುದಂತೂ ಇಲ್ಲ. ಎಕೋ ಮಾಡಿಸುವುದು ನಾನು ಯಾವ ಔಷಧ, ಎಷ್ಟು, ಎಷ್ಟು ನಿಧಾನವಾಗಿ ಕೊಡಬೇಕೆಂದು ತಿಳಿಯುವುದಕ್ಕೆ. ಅಪ್ಪಣೆ ಪಡೆಯುವುದಕ್ಕಲ್ಲ.

ಎಷ್ಟು ಬೇಗ ಆಗಬೇಕು? ಬ್ರಿಟನ್ನಿನಲ್ಲಿ 36 ಗಂಟೆಯ ಗುರಿ ಇಟ್ಟುಕೊಂಡಿದ್ದಾರೆ, ಉಳಿದ ಕಡೆ 48 ಗಂಟೆ ಎನ್ನುತ್ತಾರೆ. ಭಾರತವೂ ಸೇರಿ 17 ದೇಶಗಳಲ್ಲಿ 2,970 ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಸೊಂಟ ಮುರಿದಿದೆಯೆಂದು ಪತ್ತೆಯಾದ ಮೇಲೆ ಸುಮಾರು 6 ಗಂಟೆಯಲ್ಲಿ ಮುಗಿಸಿದವರನ್ನೂ ಸುಮಾರು 24 ಗಂಟೆಯಲ್ಲಿ ಮಾಡಿದವರನ್ನೂ ಹೋಲಿಸಿದ್ದರು. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೇಗ ಆದವರಲ್ಲಿ ಬುದ್ಧಿ ಕದಡುವುದು ಕಡಿಮೆಯಿತ್ತು, ಅವರು ಬೇಗ ಎದ್ದು ನಿಂತರು. ಹಾಗಾಗಿ ನಡುರಾತ್ರಿ ಗಾಬರಿಬಿದ್ದು ಓಡಬೇಕಿಲ್ಲ. ವಾರಗಟ್ಟಲೆ ಮುಂದೂಡಲು ಮಾತ್ರ ಯಾವ ಆಧಾರವೂ ಇಲ್ಲ.

ಈಗ ನಿಮ್ಮ ಅತ್ತೆಯ ವಿಷಯ. ಇವರು ನನ್ನ ಟೇಬಲ್ಲಿಗೆ ಬಂದರೆ ಏನು ಮಾಡುತ್ತೇನೆಂದು ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ನೋವು. ತೊಡೆಯ ಮೇಲ್ಭಾಗದಲ್ಲಿ, ಸ್ನಾಯುವಿನ ಪೊರೆಯ ಕೆಳಗೆ, ಅಲ್ಟ್ರಾಸೌಂಡ್ ನೋಡಿಕೊಂಡು ಮರಗಟ್ಟಿಸುವ ಔಷಧ ಬಿಡುತ್ತೇವೆ. ನಾವಿದನ್ನು ಬ್ಲಾಕ್ ಎನ್ನುತ್ತೇವೆ. ಅರ್ಧ ಗಂಟೆಯಲ್ಲಿ ಮುಖದ ಬಿಗುವು ಸಡಿಲಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ಇದ್ದರೂ ಇದನ್ನು ಕೊಡಬಹುದು. ಇದನ್ನು ಕೊಡಲು ಆಪರೇಷನ್ ಕೋಣೆಯೇ ಬೇಕೆಂದಿಲ್ಲ, ಕ್ಯಾಶುವಾಲ್ಟಿಯಲ್ಲೇ ಸಾಧ್ಯ. ಬಿದ್ದವರನ್ನು ಕರೆತಂದ ಕೂಡಲೇ ‘ಬ್ಲಾಕ್ ಕೊಡುವವರು ಇದ್ದಾರೆಯೇ’ ಎಂದು ನೀವೇ ಕೇಳಿ. ಜೊತೆಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಡೈಕ್ಲೊಫೆನಾಕ್ ಇಂಜೆಕ್ಷನ್ ಇಂಥವರಿಗೆ ಬೇಡ. ಅದು ಮೂತ್ರಪಿಂಡಕ್ಕೂ ಸೋತ ಹೃದಯಕ್ಕೂ ಕೆಟ್ಟದ್ದು.

ಕ್ಲೊಪಿಡೊಗ್ರೆಲ್ ಇಳಿಯಲೆಂದು ವಾರ ಕಾಯುವುದಿಲ್ಲ. ಆ ಮಾತ್ರೆಯ ಪ್ರಭಾವ ಇರುವಾಗ ಬೆನ್ನಿಗೆ ಸೂಜಿ ಚುಚ್ಚಿದರೆ ಬೆನ್ನುಹುರಿಯ ಸುತ್ತ ರಕ್ತ ಕಟ್ಟುವ ಅಪಾಯವಿದೆ. ಆದ್ದರಿಂದ ಸ್ಪೈನಲ್, ಅಂದರೆ ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್, ಕೊಡಬೇಕಿದ್ದರೆ 5ರಿಂದ 7 ದಿನ ಬಿಡಬೇಕು ಎನ್ನುವುದು ನಿಜ. ಆದರೆ ಆ ನಿಯಮ ಸ್ಪೈನಲ್ಲಿಗೆ ಸಂಬಂಧಿಸಿದ್ದು, ಆಪರೇಷನ್ನಿಗಲ್ಲ. ಪೂರ್ತಿ ಅರಿವಳಿಕೆ ಕೊಟ್ಟು, ಜೊತೆಗೆ ಬ್ಲಾಕ್ ಹಾಕಿ, ರಕ್ತ ತಯಾರಿಟ್ಟುಕೊಂಡು ಮರುದಿನವೇ ಮಾಡಬಹುದು. ಆಸ್ಪಿರಿನ್ ನಿಲ್ಲಿಸುವುದೇ ಬೇಡ. ಸ್ಟೆಂಟ್ ಹಾಕಿದವರಲ್ಲಿ ಎರಡೂ ಮಾತ್ರೆಗಳನ್ನು ಹಾಗೇ ಬಿಟ್ಟುಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಯಾವುದನ್ನೂ ಮನೆಯಲ್ಲಿ ನೀವಾಗಿ ನಿಲ್ಲಿಸಬೇಡಿ.

ಇನ್ನು ಆ ಕಿರಿದಾದ ವಾಲ್ವ್. ನನಗೆ ಪಂಪಿಂಗ್ ಸಂಖ್ಯೆಗಿಂತ ಹೆಚ್ಚು ಯೋಚನೆ ತರುವುದು ಇದು. ರಕ್ತ ಹೃದಯದಿಂದ ಮಹಾಧಮನಿಗೆ ಹೊರಡುವ ಬಾಗಿಲು ಗಟ್ಟಿಯಾಗಿ ಪೂರ್ತಿ ತೆರೆಯುವುದಿಲ್ಲ. ತೋಟಕ್ಕೆ ನೀರು ಬಿಡುವಾಗ ಗೇಟ್‌ವಾಲ್ವ್ ಅರ್ಧ ತುಕ್ಕು ಹಿಡಿದು ನಿಂತರೆ ಮುಂದಿನ ಪೈಪು ಎಷ್ಟು ದೊಡ್ಡದಾದರೂ ಹೊರಡುವ ನೀರು ಅಷ್ಟೇ ತಾನೇ? ಹಾಗೆ. ಅರಿವಳಿಕೆ ಔಷಧ ಮೈಯ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಆರೋಗ್ಯವಂತರ ಹೃದಯ ಆಗ ಹೆಚ್ಚು ರಕ್ತ ದೂಡಿ ಸರಿದೂಗಿಸುತ್ತದೆ. ಇವರ ಹೃದಯಕ್ಕೆ ಅದಾಗದು. ಬಿಪಿ ಧಡಕ್ಕನೆ ಇಳಿದರೆ ಹೃದಯಕ್ಕೇ ರಕ್ತ ಕೊಡುವ ನಾಳಗಳು ತುಂಬುವುದಿಲ್ಲ. ಅಪಾಯವಿರುವುದು ಆ ಕೆಲವು ನಿಮಿಷಗಳಲ್ಲಿ, ಯೋಜನೆ ಮಾಡುವುದೂ ಆ ನಿಮಿಷಗಳಿಗಾಗಿಯೇ.

ಅದಕ್ಕೆ ನಾನು ಔಷಧ ಕೊಡುವ ಮೊದಲೇ ಮಣಿಕಟ್ಟಿನ ಧಮನಿಯಲ್ಲಿ ಸಣ್ಣ ನಳಿಕೆ ಹಾಕುತ್ತೇನೆ. ಐದು ನಿಮಿಷಕ್ಕೊಮ್ಮೆ ಉಬ್ಬುವ ಬಿಪಿ ಪಟ್ಟಿಯನ್ನು ಕಾಯದೆ ಪ್ರತಿ ಬಡಿತದ ಒತ್ತಡ ಪರದೆಯ ಮೇಲೆ ಕಾಣುತ್ತದೆ. ಬಿಪಿ ಎತ್ತುವ ನಾರ್ಅಡ್ರಿನಲಿನ್ ಅಥವಾ ಫಿನೈಲೆಫ್ರಿನ್ ಸಿರಿಂಜಿನಲ್ಲಿ ತುಂಬಿ ಪಂಪಿಗೆ ಜೋಡಿಸಿಟ್ಟ ಮೇಲೆಯೇ ನಿದ್ದೆಯ ಔಷಧ, ಅದೂ ಕಿರಿಯರಿಗೆ ಕೊಡುವ ಪ್ರಮಾಣದಲ್ಲಲ್ಲ, ತೊಟ್ಟುತೊಟ್ಟಾಗಿ. ಸೋತ ಹೃದಯದಲ್ಲಿ ರಕ್ತದ ಹರಿವು ನಿಧಾನ. ಔಷಧ ಮಿದುಳು ತಲುಪಲು ಹೊತ್ತು ಬೇಕು. ‘ಇನ್ನೂ ನಿದ್ದೆ ಬಂದಿಲ್ಲ’ ಎಂದು ಮತ್ತಷ್ಟು ಒತ್ತುವ ಕೈಯೇ ಅನಾಹುತ ಮಾಡುವುದು. ಈ ಒಂದು ತಾಳ್ಮೆಯನ್ನು ನನ್ನ ಜೊತೆ ಕಲಿಯುವ ಹುಡುಗರಿಗೆ ಮತ್ತೆಮತ್ತೆ ಹೇಳುತ್ತೇನೆ.

ಮುರಿದದ್ದು ತೊಡೆಮೂಳೆಯ ಕತ್ತಿನಲ್ಲಾದರೆ, ಅಂದರೆ ತುದಿಯ ಚೆಂಡಿನ ಕೆಳಗಿನ ಸಣ್ಣ ಭಾಗದಲ್ಲಾದರೆ, ಚೆಂಡು ಬದಲಿಸುತ್ತಾರೆ, ಸಾಮಾನ್ಯವಾಗಿ ಸಿಮೆಂಟ್ ಹಾಕಿ ಕೂರಿಸುತ್ತಾರೆ. ಸಿಮೆಂಟ್ ಒತ್ತುವ ಕ್ಷಣದಲ್ಲಿ ಕೆಲವರಿಗೆ ಬಿಪಿ, ಆಮ್ಲಜನಕ ಎರಡೂ ಕುಸಿಯುತ್ತವೆ. ಮೂಳೆ ಡಾಕ್ಟರು ‘ಈಗ ಸಿಮೆಂಟ್’ ಎಂದು ಗಟ್ಟಿಯಾಗಿ ಹೇಳಬೇಕು, ನಾನು ತಯಾರಿದ್ದೇನೆಂದ ಮೇಲೆಯೇ ಒತ್ತಬೇಕು. ಕತ್ತಿಗಿಂತ ಕೆಳಗೆ ಮುರಿದರೆ ರಾಡ್ ಹಾಕುತ್ತಾರೆ. ಅಲ್ಲಿ ಸಿಮೆಂಟ್ ಇಲ್ಲ, ಆದರೆ ರಕ್ತ ತೊಡೆಯೊಳಗೇ ಬಹಳ ಸೋರಿರುತ್ತದೆ. ಬಂದಾಗ 11 ಇದ್ದ ಹಿಮೋಗ್ಲೋಬಿನ್ ಮರುದಿನ 8ಕ್ಕೆ ಇಳಿದದ್ದನ್ನು ಎಷ್ಟೋ ಸಲ ನೋಡಿದ್ದೇನೆ, ಮತ್ತೊಮ್ಮೆ ಪರೀಕ್ಷಿಸಿಯೇ ಒಳಗೆ ಕರೆದುಕೊಳ್ಳಬೇಕು.

ಮಾತ್ರೆಗಳಲ್ಲಿ ಮೆಟೊಪ್ರೊಲಾಲ್ ಆಪರೇಷನ್ ದಿನ ಬೆಳಿಗ್ಗೆಯೂ ಒಂದು ಗುಟುಕು ನೀರಿನ ಜೊತೆ ನುಂಗಲಿ, ಅದನ್ನು ಫಕ್ಕನೆ ನಿಲ್ಲಿಸಬಾರದು. ಟೆಲ್ಮಿಸಾರ್ಟನ್ ಆ ದಿನ ಬೇಡ, ಮಂಪರಿನಲ್ಲಿ ಬಿಪಿ ಎತ್ತಲು ಕಷ್ಟವಾಗುತ್ತದೆ. ಇತ್ತೀಚೆಗೆ ಸಕ್ಕರೆಗೂ ಹೃದಯ ಸೋತವರಿಗೂ ಡಾಪಾಗ್ಲಿಫ್ಲೋಜಿನ್ ಎಂಬ ಮಾತ್ರೆ ಬರೆಯುತ್ತಾರೆ. ಅದು ಇದ್ದರೆ ತಪ್ಪದೆ ಹೇಳಿ. ಉಪವಾಸದ ಹೊತ್ತಿನಲ್ಲಿ ಸಕ್ಕರೆ ಸರಿಯಿದ್ದರೂ ರಕ್ತದಲ್ಲಿ ಆಮ್ಲ ಕಟ್ಟಬಹುದು. ಎಲ್ಲ ಸ್ಟ್ರಿಪ್‌ಗಳನ್ನು, ಲೇಹ್ಯ-ಕಷಾಯದ ಬಾಟಲಿಗಳನ್ನೂ ಸೇರಿಸಿ, ಒಂದೇ ಚೀಲದಲ್ಲಿ ಹಾಕಿಕೊಂಡು ಬನ್ನಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಷ್ಟ ನಿಮಗೆ ಗೊತ್ತೇ ಇದೆ. ದೊಡ್ಡ ಹೃದಯ ಚಿಕಿತ್ಸೆ ಎಂದರೆ ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳ-ಹೊನ್ನಾವರದವರು ಮಣಿಪಾಲಕ್ಕೆ, ಕಾರವಾರದವರು ಗೋವಾಕ್ಕೆ ಓಡಬೇಕು. 2022ರಲ್ಲಿ ಜಿಲ್ಲೆಯ ಜನ ಸುಸಜ್ಜಿತ ಆಸ್ಪತ್ರೆ ಬೇಕೆಂದು ಎದ್ದುನಿಂತದ್ದು ಈ ಓಡಾಟದಲ್ಲಿ ದಣಿದೇ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ಆ ದಾರಿಯೂ ಇರಲಿಲ್ಲ. ಹಾಗಿದ್ದರೂ ಸೊಂಟದ ಆಪರೇಷನ್ನಿಗೆ ದೂರದ ದೊಡ್ಡ ಆಸ್ಪತ್ರೆಯೇ ಆಗಬೇಕೆಂದಿಲ್ಲ. ಬೇಕಾದದ್ದು ಮೂಳೆ ತಜ್ಞರು, ಹೃದ್ರೋಗಿಗಳನ್ನು ಸಂಭಾಳಿಸಿ ಗೊತ್ತಿರುವ ಅರಿವಳಿಕೆ ತಜ್ಞರು, ರಕ್ತ, ಮತ್ತು ಒಂದೆರಡು ರಾತ್ರಿಗೆ ಐಸಿಯು ಹಾಸಿಗೆ. ಹೊರಡುವ ಮೊದಲು ಫೋನ್ ಮಾಡಿ ಈ ನಾಲ್ಕೂ ಇವೆಯೇ ಎಂದು ಕೇಳಿಕೊಳ್ಳಿ. ಮೂರು ಆಸ್ಪತ್ರೆಗಳ ಬಾಗಿಲು ತಟ್ಟುವುದರಲ್ಲೇ ಎರಡು ದಿನ ಕಳೆದುಹೋಗುತ್ತವೆ. ಘಟ್ಟ ಇಳಿಯಲೇಬೇಕಾದರೆ ಬ್ಲಾಕ್ ಹಾಕಿಸಿಕೊಂಡು, ಎರಡು ಕಾಲಿನ ನಡುವೆ ದಿಂಬು ಕಟ್ಟಿ, ಎಕೋ-ಇಸಿಜಿ ಕಾಗದ ಕೈಯಲ್ಲಿಟ್ಟುಕೊಂಡು ಹೊರಡಿ. ನೋವು ತಗ್ಗಿಸದೆ ದೇವಿಮನೆ ಘಟ್ಟದ ತಿರುವುಗಳಲ್ಲಿ ಮುರಿದ ಸೊಂಟವನ್ನು ತರುವುದು ಕ್ರೌರ್ಯ.

ನಿಮ್ಮ ಭಾವನವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಸೊಂಟ ಮುರಿದ ವೃದ್ಧರಲ್ಲಿ ಐವರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ವರ್ಷದೊಳಗೆ ತೀರಿಕೊಳ್ಳುತ್ತಾರೆ, ಆಪರೇಷನ್ ಚೆನ್ನಾಗಿ ಆದರೂ. ನಿಮ್ಮ ಅತ್ತೆಯಂಥವರಲ್ಲಿ ಅಪಾಯ ಅದಕ್ಕಿಂತ ಹೆಚ್ಚು. ಇದನ್ನು ಮುಚ್ಚಿಟ್ಟು ಸಹಿ ಹಾಕಿಸಿಕೊಳ್ಳುವವರನ್ನು ನಂಬಬೇಡಿ. ಮೊದಲೇ ಹಾಸಿಗೆ ಹಿಡಿದು, ಯಾರನ್ನೂ ಗುರುತಿಸದೆ, ಕೊನೆಯ ದಿನಗಳಲ್ಲಿದ್ದವರು ಬಿದ್ದು ಮೂಳೆ ಮುರಿದುಕೊಂಡರೆ ಆಪರೇಷನ್ ಬೇಡವೆನ್ನುವುದೂ ಒಳ್ಳೆಯ ನಿರ್ಧಾರವೇ. ನೆದರ್ಲೆಂಡ್ಸಿನ ವೈದ್ಯರು ಅಂಥ ಕುಟುಂಬಗಳ ಜೊತೆ ಕೂತು ಮಾತಾಡಿ, ನೋವಿಗೆ ಮಾತ್ರ ಪೂರ್ತಿ ಚಿಕಿತ್ಸೆ ಕೊಟ್ಟ ಅನುಭವವನ್ನು 2022ರಲ್ಲಿ ಪ್ರಕಟಿಸಿದ್ದಾರೆ. ಆದರೆ ಹಾಗೆ ತೀರ್ಮಾನಿಸಿದರೆ ನೋವು ತೆಗೆಯುವ ಹೊಣೆ ಒಬ್ಬ ವೈದ್ಯರು ಹೊರಬೇಕು. ಕಾಲಿಗೆ ಇಟ್ಟಿಗೆ ಕಟ್ಟಿ ಮನೆಗೆ ಕಳಿಸುವುದು ಆ ತೀರ್ಮಾನವಲ್ಲ.

ಬೀಳುವ ದಿನ ಬೆಳಿಗ್ಗೆವರೆಗೆ ನಿಮ್ಮ ಅತ್ತೆ ತಾವೇ ಕೊಟ್ಟಿಗೆಗೆ ನಡೆದು ಹೋಗುತ್ತಿದ್ದರು. ಅವರಿಗೆ ಎಲ್ಲ ತಿಳಿಯುತ್ತದೆ ಎಂದು ಫೋನಿನಲ್ಲಿ ಹೇಳಿದಿರಿ. ಹಾಗಿದ್ದರೆ ಮೊದಲು ಕೇಳಬೇಕಾದ್ದು ಅವರನ್ನೇ. ಗೋಕರ್ಣದ ಕಡೆಯ ಒಬ್ಬ ಅಜ್ಜ, ಉಪ್ಪಿನ ಆಗರದಲ್ಲಿ ಮೈ ಸವೆಸಿದವರು, ಮಕ್ಕಳೆಲ್ಲ ಹೊರಗೆ ವಾದ ಮಾಡುತ್ತಿರುವಾಗ ನನ್ನ ಕೈ ಹಿಡಿದು ‘ಡಾಕ್ಟ್ರೇ, ಸತ್ರೆ ಸಾಯ್ಲಿ, ಆದ್ರೆ ಕೂತು ಗಂಜಿ ಉಣ್ಣುವಂಗೆ ಮಾಡಿ’ ಎಂದರು. ಅವರ ಪಂಪಿಂಗ್ ನಿಮ್ಮ ಅತ್ತೆಗಿಂತ ಕಡಿಮೆಯಿತ್ತು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು, ಬೆನ್ನು ಎತ್ತರಿಸಿಕೊಂಡೇ ಕೆಲಸ ಮುಗಿಸಿದೆವು. ಮೂರನೇ ದಿನ ಕೂತು ಉಂಡರು.

ಪ್ರಶ್ನೆ: ತಂದೆಗೆ 76. ಹೃದಯ ಏರುಪೇರಾಗಿ ಬಡಿಯುತ್ತದೆಂದು ಅಪಿಕ್ಸಾಬಾನ್ ಕೊಟ್ಟಿದ್ದಾರೆ, ಪೇಸ್‌ಮೇಕರ್ ಕೂಡ ಇದೆ. ಸೊಂಟದ ಆಪರೇಷನ್ ಆಗಬೇಕಿದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಜನ್ಮವಿಡೀ ಬೆನ್ನುನೋವು ಅನ್ನುತ್ತಾರೆ, ಪೂರ್ತಿ ಮಂಪರು ಕೊಟ್ಟರೆ ಎಚ್ಚರಾಗುವುದೇ ಇಲ್ಲ ಅನ್ನುತ್ತಾರೆ. ಯಾವುದು ಒಳ್ಳೆಯದು?
— ಕಾರವಾರದ ಓದುಗ

ಉತ್ತರ: ಎರಡು ಹೆದರಿಕೆಯೂ ಬೇಡ. ಸ್ಪೈನಲ್ ಸೂಜಿ ಕೂದಲೆಳೆಯಷ್ಟು ತೆಳ್ಳಗಿನದು, ಅದರಿಂದ ಜನ್ಮವಿಡೀ ನೋವು ಬರುವುದಿಲ್ಲ. ಯಾವುದು ಒಳ್ಳೆಯದೆಂದು ಅಮೆರಿಕ ಮತ್ತು ಕೆನಡಾದಲ್ಲಿ ಸೊಂಟ ಮುರಿದ 1,600 ಜನರ ಮೇಲೆ ಪರೀಕ್ಷಿಸಿ ನೋಡಿ 2021ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ಜನರಿಗೆ ಸ್ಪೈನಲ್, ಉಳಿದರ್ಧಕ್ಕೆ ಪೂರ್ತಿ ಅರಿವಳಿಕೆ. 60 ದಿನದ ಮೇಲೆ ಸಾವಿನಲ್ಲಾಗಲಿ, ನಡೆಯುವ ಶಕ್ತಿಯಲ್ಲಾಗಲಿ, ಆಸ್ಪತ್ರೆಯಲ್ಲಿದ್ದಾಗ ಬುದ್ಧಿ ಕದಡುವುದರಲ್ಲಾಗಲಿ ಹೇಳುವಂಥ ಅಂತರ ಸಿಗಲಿಲ್ಲ. ನನ್ನ ಅನುಭವವೂ ಇದೇ. ಸ್ಪೈನಲ್ ಆದರೂ ಔಷಧ 2 ಮಿಲಿಗಿಂತ ಕಡಿಮೆ ಇರಲಿ, ಪೂರ್ತಿ ಅರಿವಳಿಕೆಯಾದರೂ ನಿಧಾನವಾಗಿರಲಿ, ಬಿಪಿ ಬೀಳದಿರಲಿ. ರೋಗಿಗೆ ವ್ಯತ್ಯಾಸ ಮಾಡುವುದು ಇದು.

ನಿಮ್ಮ ತಂದೆಯ ಮಟ್ಟಿಗೆ ಆಯ್ಕೆಯನ್ನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಪಿಕ್ಸಾಬಾನ್ ಮಾಡಿಬಿಟ್ಟಿದೆ. ಕೊನೆಯ ಮಾತ್ರೆ ಎಷ್ಟು ಗಂಟೆಗೆ ನುಂಗಿದರು ಎಂಬುದನ್ನು ಬರೆದಿಟ್ಟುಕೊಂಡು ಹೋಗಿ, ವೈದ್ಯರು ಮೊದಲು ಕೇಳುವುದು ಅದನ್ನೇ. ಮೂತ್ರಪಿಂಡ ಸರಿಯಿದ್ದರೆ ಒಂದೆರಡು ದಿನದಲ್ಲಿ ಆಪರೇಷನ್ನಿಗೆ ಬೇಕಾದಷ್ಟು ಪ್ರಭಾವ ಇಳಿಯುತ್ತದೆ. ಸ್ಪೈನಲ್ಲಿಗೆ ಅದಕ್ಕಿಂತ ಹೆಚ್ಚು ಹೊತ್ತು ಬಿಡಬೇಕು, ಆದ್ದರಿಂದ ಪೂರ್ತಿ ಅರಿವಳಿಕೆಯೇ ವಾಸಿ. ಪೇಸ್‌ಮೇಕರ್ ಹಾಕಿದಾಗ ಕೊಟ್ಟ ಕಾರ್ಡ್ ಮರೆಯಬೇಡಿ. ರಕ್ತ ನಿಲ್ಲಿಸಲು ಬಳಸುವ ವಿದ್ಯುತ್ ಉಪಕರಣ ಅದರ ಲಯ ಕೆಡಿಸದಂತೆ ಮೊದಲೇ ಸಿದ್ಧತೆ ಮಾಡಿಕೊಳ್ಳುತ್ತಾರೆ. ಇನ್ನೊಂದು ಮಾತು: ತಂದೆಯವರು ಎಡವಿ ಬಿದ್ದರೋ, ಕಣ್ಣು ಕತ್ತಲಾಗಿ ಬಿದ್ದರೋ? ಕಣ್ಣು ಕತ್ತಲಾಗಿದ್ದರೆ ಆಪರೇಷನ್ನಿಗೆ ಮುಂಚೆ ಪೇಸ್‌ಮೇಕರನ್ನೇ ಪರೀಕ್ಷಿಸಬೇಕು.

ಪ್ರಶ್ನೆ: ಅಮ್ಮಮ್ಮನಿಗೆ ಸೊಂಟದ ಆಪರೇಷನ್ ಇತ್ತು. ಹಿಂದಿನ ರಾತ್ರಿಯಿಂದ ಮರುದಿನ ಸಂಜೆ ನಾಲ್ಕರವರೆಗೆ ಹನಿ ನೀರೂ ಕೊಡಲಿಲ್ಲ. ಆಮೇಲೆ ಎರಡು ರಾತ್ರಿ ನಮ್ಮ ಗುರುತೇ ಹಿಡಿಯಲಿಲ್ಲ, ನಳಿಕೆ ಕಿತ್ತರು. ಇದು ಮಂಪರಿನ ದೋಷವೇ?
— ಹೊನ್ನಾವರದಿಂದ

ಉತ್ತರ: ಮಂಪರೊಂದನ್ನೇ ದೂರಬೇಡಿ. ನೀರಿಲ್ಲದೆ ಅಷ್ಟು ಹೊತ್ತು ಒಣಗಿಸಿದ್ದೂ ಕಾರಣ. ಅನ್ನ, ಗಂಜಿ, ಹಾಲು, ಮಜ್ಜಿಗೆ 6 ಗಂಟೆ ಮುಂಚೆ ನಿಲ್ಲಿಸಬೇಕು. ನೀರು, ಹಾಲಿಲ್ಲದ ಚಹಾ, ಸೋಸಿದ ಬೆಲ್ಲದ ಪಾನಕ 2 ಗಂಟೆ ಮುಂಚಿನವರೆಗೂ ಕುಡಿಯಬಹುದು. ಆ ದಿನದ ಆಪರೇಷನ್ ಪಟ್ಟಿಯಲ್ಲಿ ಹಿಂದೆ ಬಿದ್ದಾಗ ‘ಇನ್ನೆಷ್ಟು ಹೊತ್ತು, ನೀರು ಕೊಡಲೇ’ ಎಂದು ನರ್ಸಮ್ಮನನ್ನು ಕೇಳುವ ಹಕ್ಕು ನಿಮಗಿದೆ. ಹೃದಯದ ತೊಂದರೆ ಇರುವವರಲ್ಲಿ ಹೀಗೆ ಒಣಗಿದ ಮೈಗೆ ಮಂಪರು ಕೊಟ್ಟಾಗ ಬಿಪಿ ಇನ್ನೂ ಜೋರಾಗಿ ಬೀಳುತ್ತದೆ.

ಬುದ್ಧಿ ಕದಡಿದಾಗ ನಿದ್ದೆ ಇಂಜೆಕ್ಷನ್ ಕೊಡಿಸಲು ಅವಸರಪಡಬೇಡಿ, ಹೆಚ್ಚಿನ ಸಲ ಅದು ಗೊಂದಲವನ್ನು ಬೆಳೆಸುತ್ತದೆ. ಕನ್ನಡಕ, ಕಿವಿಯ ಮಷಿನ್ ಆಪರೇಷನ್ ಮುಗಿದ ಕೂಡಲೇ ವಾಪಸ್ ಹಾಕಿ. ಮನೆಯವರೊಬ್ಬರು ಪಕ್ಕದಲ್ಲಿದ್ದು ದಿನ, ಹೊತ್ತು, ಯಾವ ಊರು ಎಂದು ಹೇಳುತ್ತಿರಿ. ಮೂತ್ರದ ನಳಿಕೆ ಬೇಗ ತೆಗೆಸಿ, ಮರುದಿನವೇ ಎಬ್ಬಿಸಿ ಕೂರಿಸಿ. ಆಮ್ಲಜನಕ, ಸೋಡಿಯಂ, ಹಿಮೋಗ್ಲೋಬಿನ್ ಮತ್ತೆ ನೋಡಿದ್ದಾರೆಯೇ ಎಂದು ಕೇಳಿ. ನೋವಿಗೆ ಔಷಧ ಹೊತ್ತಿಗೆ ಸರಿಯಾಗಿ ಸಿಗುತ್ತಿದೆಯೇ ನೋಡಿಕೊಳ್ಳಿ, ಕೇಳಿದಾಗ ಮಾತ್ರ ಕೊಟ್ಟರೆ ಕೇಳಲಾಗದವರಿಗೆ ಸಿಗುವುದೇ ಇಲ್ಲ. ಅಮ್ಮಮ್ಮ ಈಗ ನಿಮ್ಮನ್ನು ಗುರುತಿಸುತ್ತಿದ್ದಾರೆಂದು ಪತ್ರದ ಕೊನೆಗೆ ಬರೆದಿದ್ದೀರಿ, ಸಂತೋಷ. ಮುಂದೆ ಕಣ್ಣಿನದೋ ಮತ್ತೊಂದೋ ಆಪರೇಷನ್ ಬಂದರೆ ಈ ಎರಡು ರಾತ್ರಿಯ ವಿಷಯವನ್ನು ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿ.